ಬೇಲಿ ಗೂಟಕ್ಕೆ ಏನು ಹಚ್ಚಬೇಕು? ಆರು ಮಳೆಗಾಲ ನೋಡಿ ಹೇಳ್ತಿದ್ದೇನೆ

ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ಅಡಿಕೆ ತೋಟ. ಇಲ್ಲಿ ಬೇಲಿ ಗೂಟ ಬದಲಾಯಿಸೋದು ವರ್ಷಕ್ಕೊಮ್ಮೆ ಬರುವ ಹಬ್ಬ ಇದ್ದ ಹಾಗೆ, ತಪ್ಪಿಸುವ ಹಾಗೇ ಇಲ್ಲ. ಮೇ ತಿಂಗಳಲ್ಲಿ ನೆಟ್ಟ ಗೂಟ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲದ ಮಟ್ಟಕ್ಕೇ ಮುರಿದು ತಂತಿಗೆ ಜೋತು ಬಿದ್ದಿರುತ್ತದೆ. ಕಲ್ಲುಕಂಬ ಹಾಕಿಸಿ ಅಂತ ಎಲ್ಲರೂ ಹೇಳುತ್ತಾರೆ, ದುಡ್ಡು ಕೊಡ್ತೀನಿ ಅಂದವರು ಮಾತ್ರ ಯಾರೂ ಇಲ್ಲ.

ಹಾಗಾಗಿ 2018ರ ಬೇಸಿಗೆಯಲ್ಲಿ ಹಟಕ್ಕೆ ಬಿದ್ದೆ. ನಮ್ಮ ಜಾಗದ ಅಕೇಶಿಯಾ ಕಡಿಸಿ, ಸಿಪ್ಪೆ ಕೆತ್ತಿಸಿ, ಒಣಗಿಸಿ, ಒಂದೊಂದು ಬಗೆಗೆ ಹತ್ತು ಗೂಟ ಅಂತ ಲೆಕ್ಕ ಹಾಕಿ ಒಂದೇ ಸಾಲಿನಲ್ಲಿ ನೆಟ್ಟೆ. ಎಲ್ಲವೂ ಸುಮಾರು ನಾಲ್ಕು ಇಂಚು ದಪ್ಪ, ಒಂದೂವರೆ ಅಡಿ ಗುಂಡಿ. ಪ್ರತಿ ವರ್ಷ ಮಳೆ ನಿಂತ ಮೇಲೆ ಒಂದೊಂದನ್ನೂ ಕಾಲಲ್ಲಿ ಒದ್ದು, ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದ್ದೇನೆ. ಕೊನೆಯ ಲೆಕ್ಕ 2023ರ ಡಿಸೆಂಬರಿನದು.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡ್ತೇನೆ, ಯಾಕಂದ್ರೆ ನಾನೇ ಇದರಲ್ಲಿ ದುಡ್ಡು ಕಳೆದುಕೊಂಡಿದ್ದೇನೆ. ಕ್ರಿಯೋಸೋಟ್ ಬೇಕು ಅಂತ ಕೇಳಿದರೆ ಪೇಟೆಯ ಅಂಗಡಿಯಲ್ಲಿ ಬ್ಲ್ಯಾಕ್ ಜಪಾನ್ ಡಬ್ಬ ಕೊಟ್ಟು ಕಳಿಸಿದರು. ಎರಡೂ ಕಪ್ಪು, ಅಷ್ಟೇ ಸಂಬಂಧ. ಬ್ಲ್ಯಾಕ್ ಜಪಾನ್ ಮೇಲೆ ಪದರ ಕಟ್ಟುವ ಬಣ್ಣ. ಕ್ರಿಯೋಸೋಟ್ ಮರದೊಳಗೆ ಇಳಿಯುವ ಎಣ್ಣೆ. ಕಲ್ಲಿದ್ದಲನ್ನು ಗಾಳಿ ಇಲ್ಲದೆ ಕಾಯಿಸಿ ಕೋಕ್ ಮಾಡುವಾಗ ಟಾರು ಬರುತ್ತದಲ್ಲ, ಆ ಟಾರನ್ನು ಮತ್ತೆ ಕಾಯಿಸಿ ಭಟ್ಟಿ ಇಳಿಸಿದರೆ ಸುಮಾರು 200ರಿಂದ 400 ಡಿಗ್ರಿ ನಡುವೆ ಬರುವ ಎಣ್ಣೆ ಇದು. ಹಳೆ ರೈಲ್ವೆ ಸ್ಲೀಪರ್ ಬಿಸಿಲಿಗೆ ಕಾದಾಗ ಬರುವ ವಾಸನೆ ನೆನಪಿದ್ದರೆ ಅದೇ ಇದು. ಕಪ್ಪು ಫಿನಾಯಿಲ್ ಕೂಡ ಇದರ ನೆಂಟನೇ.

ಹೆಸರಿನ ಅರ್ಥ ತಮಾಷೆಯಾಗಿದೆ. ಗ್ರೀಕಿನಲ್ಲಿ ಮಾಂಸ ಕಾಪಾಡುವುದು ಅಂತ. 1830ರ ದಶಕದಲ್ಲಿ ರೈಖೆನ್‌ಬಾಕ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಬೀಚ್ ಮರದ ಟಾರಿನಿಂದ ತೆಗೆದ ಎಣ್ಣೆಗೆ ಇಟ್ಟ ಹೆಸರು ಅದು, ಮಾಂಸ ಕೆಡದ ಹಾಗೆ ಇಡುತ್ತದೆ ಅಂತ. ಆ ಮರದ ಎಣ್ಣೆ ಔಷಧಿಗೂ ಹೋಯಿತು. ಕಲ್ಲಿದ್ದಲಿನದು ಬೇರೆಯೇ ಸರಕು, ಹೆಸರು ಮಾತ್ರ ಅಂಟಿಕೊಂಡಿದೆ. 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಇದನ್ನು ಒತ್ತಡ ಹಾಕಿ ಮರದೊಳಗೆ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಮೇಲೆ ರೈಲ್ವೆ ಸ್ಲೀಪರ್, ಟೆಲಿಗ್ರಾಫ್ ಕಂಬ ಎಲ್ಲ ಇದರಲ್ಲೇ ಮುಳುಗಿ ಎದ್ದವು.

ಸರಿ, ನನ್ನ ಗೂಟಗಳಿಗೆ ಬರೋಣ.

ಏನೂ ಹಚ್ಚದವು ಮೂರನೇ ಮಳೆಗಾಲಕ್ಕೆ ಒಂಬತ್ತು ಹೋದವು. ಉಳಿದ ಒಂದು ಬಲಿತ ಮರದ ತಿರುಳಿನದು. ಬೆಳಿ ಭಾಗ, ಅಂದರೆ ತಿರುಳಿನ ಸುತ್ತಲಿನ ಎಳೆ ಮರ, ಜಾಸ್ತಿ ಇದ್ದವು ಮೊದಲು ಹೋಗಿದ್ದು.

ಗ್ಯಾರೇಜಿನ ಸುಟ್ಟೆಣ್ಣೆ ನಮ್ಮೂರಲ್ಲಿ ಎಲ್ಲರ ಮನೆಮದ್ದು. ಪುಕ್ಕಟೆ ಸಿಗುತ್ತದೆ, ಮೊದಲ ವರ್ಷ ಗೆದ್ದಲು ಹತ್ತಿರ ಬರಲಿಲ್ಲ. ಆಮೇಲೆ ಮಳೆ ತೊಳೆದುಕೊಂಡು ಹೋಯಿತು. ನಾಲ್ಕನೇ ವರ್ಷದ ಕೊನೆಗೆ ಎರಡು ನಿಂತಿದ್ದವು. ತೊಳೆದು ಹೋದ ಎಣ್ಣೆ ಎಲ್ಲಿಗೆ ಹೋಯಿತು ಅಂತ ಯೋಚಿಸಿದರೆ, ಕೆಳಗೆ ತೋಟ, ಅದರ ಕೆಳಗೆ ಬಾವಿ. ಮತ್ತೆ ಹಚ್ಚಲ್ಲ.

ಡಾಂಬರು ಬಹಳ ನಿರಾಸೆ ಮಾಡಿತು. ಈಗ ರಸ್ತೆಗೆ ಹಾಕುವ ಡಾಂಬರು ಕಲ್ಲಿದ್ದಲಿನ ಟಾರಲ್ಲ, ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ಅದಕ್ಕೆ ಶಿಲೀಂಧ್ರ ಕೊಲ್ಲುವ ಶಕ್ತಿ ಇಲ್ಲ, ನೀರು ತಡೆಯುವುದಷ್ಟೇ ಅದರ ಕೆಲಸ. ಗೂಟ ಬಿಸಿಲಿಗೆ ಸೀಳಿದಾಗ ಡಾಂಬರಿನ ಪದರವೂ ಸೀಳಿತು, ನೀರು ಒಳಗೆ ಹೋಯಿತು, ಹೊರಗೆ ಬರಲು ದಾರಿ ಇರಲಿಲ್ಲ. ಹೊರಗಿನಿಂದ ಹೊಚ್ಚ ಹೊಸದರ ಹಾಗೆ ಹೊಳೆಯುವ ಗೂಟಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಇಳಿಯಿತು. ಈಗ ಒಂದೇ ಉಳಿದಿದೆ.

ಗೇರೆಣ್ಣೆ ಬಗ್ಗೆ ನನಗೆ ಪ್ರೀತಿ ಇದೆ, ಒಪ್ಪಿಕೊಳ್ಳುತ್ತೇನೆ. ಕರಾವಳಿಯಲ್ಲಿ ದೋಣಿಗೆ ಹಚ್ಚುವುದು ಹಳೆಯ ಪದ್ಧತಿ. ಗೇರುಬೀಜದ ಸಿಪ್ಪೆಯಿಂದ ಬರುವ ಈ ಎಣ್ಣೆ ಕೈಗೆ ತಗುಲಿದರೆ ಬೊಬ್ಬೆ ಏಳುತ್ತದೆ, ಅಷ್ಟು ಖಾರ. ನೆಲದಲ್ಲಿ ಹತ್ತಕ್ಕೆ ಐದು ನಿಂತಿವೆ. ಆದರೆ ಇದೇ ಎಣ್ಣೆಯನ್ನು ಕೊಟ್ಟಿಗೆಯ ಪಕಾಸಿಗೆ ಹಚ್ಚಿದ್ದೆ, ಮಳೆ ಬೀಳದ ಜಾಗ, ಅಲ್ಲಿ ಒಂದೂ ಹಾಳಾಗಿಲ್ಲ. ಮಾಡಿನ ಕೆಳಗಿನ ಮರಕ್ಕೆ ನಾನು ಬೇರೆ ಏನನ್ನೂ ಹುಡುಕುವುದಿಲ್ಲ.

ಇನ್ನು ಕ್ರಿಯೋಸೋಟ್. ನೆಂಟರೊಬ್ಬರು ಬೆಂಗಳೂರಿನಿಂದ 35 ಲೀಟರಿನ ಕ್ಯಾನ್ ತರಿಸಿಕೊಟ್ಟರು. ಹತ್ತು ಗೂಟಕ್ಕೆ ಬ್ರಷ್ಷಿನಲ್ಲಿ ಎರಡು ಸಲ ಬಳಿದೆ, ಹತ್ತನ್ನು ಬಿಸಿ ಎಣ್ಣೆಯಲ್ಲಿ ನೆನೆಸಿದೆ. ಎಣ್ಣೆ ಒಂದೇ, ಮರ ಒಂದೇ. ಈಗ ಬಳಿದದ್ದರಲ್ಲಿ ನಾಲ್ಕು ನಿಂತಿವೆ, ಗೇರೆಣ್ಣೆಗಿಂತ ಒಂದು ಕಮ್ಮಿ. ನೆನೆಸಿದ್ದರಲ್ಲಿ ಒಂಬತ್ತು.

ನೆನೆಸಿದ್ದು ಹೀಗೆ. 50 ಲೀಟರಿನ ಸಣ್ಣ ಡ್ರಮ್ಮಿನಲ್ಲಿ ಸಲಕ್ಕೆ ಐದು ಗೂಟ ಬುಡ ಕೆಳಗಾಗಿ ನಿಲ್ಲಿಸಿ, ಸಣ್ಣ ಉರಿಯಲ್ಲಿ 90 ಡಿಗ್ರಿ ಹತ್ತಿರ ಮೂರು ಗಂಟೆ ಇಟ್ಟು, ಆಮೇಲೆ ಉರಿ ತೆಗೆದು ರಾತ್ರಿಯಿಡೀ ಹಾಗೇ ಬಿಟ್ಟೆ. ಕಾಯುವಾಗ ಮರದೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಗುಳ್ಳೆ ಏಳುವುದು ಕಾಣುತ್ತದೆ. ಆರುವಾಗ ಉಳಿದ ಗಾಳಿ ಕುಗ್ಗಿ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ನೋಡಿದರೆ ಎಣ್ಣೆ ಎರಡು ಬೆರಳು ಇಳಿದಿತ್ತು! ಗೂಟ ಸರಿಯಾಗಿ ಒಣಗಿರಲೇಬೇಕು. ಹಸಿ ಇದ್ದರೆ ಎಣ್ಣೆ ಒಳಗೆ ಇಳಿಯಲ್ಲ, ಮೇಲಿಂದ ಆ ನೀರಿಗೆ ಕಾದ ಎಣ್ಣೆ ನೊರೆ ಎದ್ದು ಉಕ್ಕಿ ಬೆಂಕಿಗೆ ಬೀಳಬಹುದು. ಮನೆಯಿಂದ ದೂರ, ಬಯಲಿನಲ್ಲಿ ಮಾಡಿದೆ, ಆದರೂ ಆ ಹೊಗೆಗೆ ತಲೆ ಸಿಡಿಯಿತು.

ಕೆಟ್ಟ ಆ ಒಂದು ಗೂಟದ ಕಥೆ ಕೇಳಿ. ಗುಂಡಿಯಲ್ಲಿ ಬಂಡೆ ಸಿಕ್ಕಿತು, ಸುಮ್ನೆ ಬುಡದಲ್ಲಿ ಅರ್ಧ ಅಡಿ ಕೊಯ್ದು ನೆಟ್ಟೆ. ಕೊಯ್ದ ಮುಖದ ನಡುವೆ ಎಣ್ಣೆ ತಾಗದ ಬಿಳಿ ಮರ ಕಾಣುತ್ತಿತ್ತು. ಗೆದ್ದಲು ಅಲ್ಲಿಂದಲೇ ಮೇಲೆ ಹತ್ತಿತು.

ಇನ್ನೊಂದು ಪೆದ್ದು ಕೆಲಸ, ಬಳಿಯುವಾಗ ಮಟಮಟ ಮಧ್ಯಾಹ್ನ ಅರ್ಧ ತೋಳಿನ ಅಂಗಿಯಲ್ಲಿ ಕೂತಿದ್ದೆ. ಕ್ರಿಯೋಸೋಟ್ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಉರಿ ದುಪ್ಪಟ್ಟು. ಮೂರು ದಿನ ಕೈ ಮುಟ್ಟಲು ಆಗಲಿಲ್ಲ. ಅದು ಬಿಡಿ, ವಾಸಿಯಾಗುತ್ತದೆ. ದೊಡ್ಡ ವಿಷಯ ಅಂದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ರಿಯೋಸೋಟನ್ನು ಕ್ಯಾನ್ಸರ್ ತರುವ ಸಂಭವ ಇರುವ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಬ್ರಿಟನ್ನಿನಲ್ಲಿ 2003ರಿಂದ ಸಾಮಾನ್ಯ ಜನರಿಗೆ ಮಾರುವಂತಿಲ್ಲ. ನೀರಿಗೆ ಸೇರಿದರೆ ಮೀನಿಗೂ ವಿಷ. ಹಳೆ ಸ್ಲೀಪರ್ ತುಂಡನ್ನು ಬಚ್ಚಲ ಒಲೆಗೆ ಹಾಕುವವರನ್ನು ನಾನೇ ನೋಡಿದ್ದೇನೆ. ದಯವಿಟ್ಟು ಬೇಡ.

ಕೊನೆಯದು, ಕಾರ್ಖಾನೆಯಲ್ಲಿ ಒತ್ತಡ ಹಾಕಿ ತಾಮ್ರ-ಕ್ರೋಮಿಯಂ-ಆರ್ಸೆನಿಕ್ ತುಂಬಿದ ಹಸಿರು ಛಾಯೆಯ ಗೂಟ. ಇದು ನಮ್ಮ ದೇಶದ ಕೂಸು. ಸೋಂಟಿ ಕಾಮೇಶಂ ಅವರು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು, ಆಮೇಲೆ ಜಗತ್ತೆಲ್ಲ ಬಳಸಿತು. ನಾನು ತಂದದ್ದು ಆರೇ ಗೂಟ, ಅದೂ ನೀಲಗಿರಿ ಮರದ್ದು, ಹಾಗಾಗಿ ಹೋಲಿಕೆ ಪೂರ್ತಿ ನ್ಯಾಯವಲ್ಲ. ಆರಕ್ಕೆ ಆರೂ ಗಟ್ಟಿ ಇವೆ. ವಾಸನೆ ಇಲ್ಲ, ಬಟ್ಟೆಗೆ ಮೆತ್ತುವುದಿಲ್ಲ, ಮೇಲೆ ಬಣ್ಣವೂ ಹೊಡೆಯಬಹುದು. ಕ್ರಿಯೋಸೋಟ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಕಪ್ಪು ಒಸರಿ ಹೊರಗೆ ಬರುತ್ತದೆ. ಆದರೆ ಇದರಲ್ಲೂ ಆರ್ಸೆನಿಕ್ ಇದೆ ಅನ್ನೋದು ಮರೆಯಬಾರದು, ಸುಟ್ಟರೆ ಬೂದಿಯೇ ವಿಷ. ಅಮೆರಿಕದಲ್ಲೂ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ನಿಲ್ಲಿಸಿದರು.

ಹಾಗಾದರೆ ನಾನೇನು ಮಾಡ್ತಿದ್ದೇನೆ? ಕಾಡಿನ ಅಂಚಿನ ಬೇಲಿಗೆ, ಹುಡುಗರು ದನ ಯಾರೂ ಒರಗದ ಕಡೆ, ಬಿಸಿಯಲ್ಲಿ ನೆನೆಸಿದ ಕ್ರಿಯೋಸೋಟ್ ಗೂಟ. ಬ್ರಷ್ಷಿನಲ್ಲಿ ಬಳಿಯುವುದಾದರೆ ಅದಕ್ಕೆ ದುಡ್ಡು ಹಾಕುವುದೇ ದಂಡ, ಗೇರೆಣ್ಣೆ ಸಾಕು. ಬಾವಿ, ಕೊಟ್ಟಿಗೆ, ತರಕಾರಿ ಹಿತ್ತಲ ಹತ್ತಿರ ಎರಡೂ ವಿಷ ಬೇಡ ಅಂತ ನಾಲ್ಕೈದು ಕಲ್ಲುಕಂಬವನ್ನೇ ತಂದೆ. ಬಂಡೆ ಸಿಕ್ಕ ಜಾಗಕ್ಕೆ ಹೊಸ ಗೂಟ ಆಗಬೇಕು. ಈ ಸಲ ಮೊದಲು ಗುಂಡಿ ತೋಡಿ, ಅಳತೆ ಹಿಡಿದು, ಕೊಯ್ದು, ಆಮೇಲೆ ಡ್ರಮ್ಮಿಗೆ ಇಳಿಸುತ್ತೇನೆ.