ಆರು ವರ್ಷ ಬಳಸಿದ ಬಸ್ ಬುಕಿಂಗ್ ಜಾಲತಾಣ: ಹಳೆಯ ವಿನ್ಯಾಸ ಮತ್ತು ಹೊಸ ವಿನ್ಯಾಸ

2019ರಿಂದ ಉಡುಪಿ–ಬೆಂಗಳೂರು ರಾತ್ರಿ ಬಸ್ಸಿನ ಟಿಕೆಟನ್ನು ನಾನು ಕರಾವಳಿಯ ಒಂದೇ ಖಾಸಗಿ ಸಂಸ್ಥೆಯ ಜಾಲತಾಣದಲ್ಲಿ ಕಾದಿರಿಸುತ್ತ ಬಂದಿದ್ದೇನೆ. ಕೆಲಸದ ನಿಮಿತ್ತ ತಿಂಗಳಿಗೊಮ್ಮೆ ನಾನು ಹೋಗುತ್ತೇನೆ. ಅಣ್ಣನ ಮಕ್ಕಳನ್ನು ನೋಡಲು ವರ್ಷಕ್ಕೆ ನಾಲ್ಕೈದು ಬಾರಿ ಅಪ್ಪ ಹೋಗುತ್ತಾರೆ. 2023ರಲ್ಲಿ ಆ ಜಾಲತಾಣದ ರೂಪ ಪೂರ್ತಿ ಬದಲಾಯಿತು. ಬಸ್ಸು, ಚಾಲಕರು, ಸಮಯಪಾಲನೆಯ ಬಗ್ಗೆ ನನಗೆ ಯಾವ ದೂರೂ ಇಲ್ಲದ ಕಾರಣ ಈ ವಿಮರ್ಶೆ ಜಾಲತಾಣದ ವಿನ್ಯಾಸಕ್ಕಷ್ಟೇ ಸೀಮಿತ, ಸಂಸ್ಥೆಯ ಹೆಸರನ್ನೂ ಬರೆದಿಲ್ಲ.

ಹಳೆಯ ಪುಟ ನೋಡಲು ಸಪ್ಪೆಯಾಗಿತ್ತು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಮೇಲೆ ಎರಡು ಖಾನೆ: ‘ಎಲ್ಲಿಂದ’, ‘ಎಲ್ಲಿಗೆ’. ಹೊಸ ಪುಟದ ಕನ್ನಡ ಆವೃತ್ತಿಯಲ್ಲಿ ಆ ಖಾನೆಗಳ ಮೇಲೆ ‘ಇಂದ’, ‘ಗೆ’ ಎಂದಿದೆ. ನಾಮಪದವನ್ನು ಬಿಟ್ಟು ವಿಭಕ್ತಿ ಪ್ರತ್ಯಯವೊಂದೇ ನಿಂತರೆ ಕನ್ನಡದಲ್ಲಿ ಅದಕ್ಕೆ ಅರ್ಥವಿಲ್ಲ. ಕೆಳಗಿನ ಕೆಂಪು ಗುಂಡಿಯ ಮೇಲೆ ಇಂಗ್ಲಿಷಿನ ‘ಬುಕ್ ನೌ’ ಎಂಬುದಕ್ಕೆ ‘ಈಗ ಪುಸ್ತಕ’ ಎಂದು ಬರೆದಿದೆ. ಯಂತ್ರ ಅನುವಾದಿಸಿದ್ದನ್ನು ಕನ್ನಡ ಬಲ್ಲ ಒಬ್ಬರಾದರೂ ಓದಿ ನೋಡಿದ್ದರೆ ಈ ತಪ್ಪು ಎರಡು ವರ್ಷ ಉಳಿಯುತ್ತಿರಲಿಲ್ಲ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫಾಂಟು ಅಳವಡಿಸಿಕೊಳ್ಳದಿದ್ದರೆ ಎಷ್ಟೋ ಕನ್ನಡ ಪುಟಗಳನ್ನು ಓದಲಾಗದಿದ್ದ ಕಾಲವೊಂದಿತ್ತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ವ್ಯವಸ್ಥೆಯಾದ ಯೂನಿಕೋಡ್ ಬಂದ ಮೇಲೆ ಆ ತಾಂತ್ರಿಕ ಅಡ್ಡಿ ಹೋಗಿದೆ, ಈಗ ಬೇಕಿರುವುದು ಗಮನ ಮಾತ್ರ.

ನನಗೆ ಅತಿ ಹೆಚ್ಚು ತೊಂದರೆ ಕೊಟ್ಟದ್ದು ಬಸ್ ಹತ್ತುವ ಸ್ಥಳಗಳ ಪಟ್ಟಿ. ಹಳೆಯ ಜಾಲತಾಣದಲ್ಲಿ ಅದು ಬಸ್ಸು ಸಾಗುವ ದಾರಿಯ ಕ್ರಮದಲ್ಲೇ ಇತ್ತು: ಕುಂದಾಪುರ, ಕೋಟ, ಸಾಲಿಗ್ರಾಮ, ಬ್ರಹ್ಮಾವರ, ಸಂತೆಕಟ್ಟೆ, ಉಡುಪಿ, ಕಿನ್ನಿಮುಲ್ಕಿ, ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ, ಸುರತ್ಕಲ್, ಮಂಗಳೂರಿನ ಜ್ಯೋತಿ ಮತ್ತು ಪಂಪ್‌ವೆಲ್, ಬಿ.ಸಿ.ರೋಡ್. ಪ್ರತಿ ಹೆಸರಿನ ಮುಂದೆ ಬಸ್ಸು ಬರುವ ಹೊತ್ತು ಇರುತ್ತಿತ್ತು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಾಡುವ ಯಾರ ತಲೆಯಲ್ಲಾದರೂ ಊರುಗಳು ಇರುವುದು ಈ ಕ್ರಮದಲ್ಲೇ. ಹೊಸ ಪಟ್ಟಿಯನ್ನು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಜೋಡಿಸಿ, ಹೆಸರುಗಳನ್ನಷ್ಟೇ ಕನ್ನಡಕ್ಕೆ ತಿರುಗಿಸಿದ್ದಾರೆ. ಹಾಗಾಗಿ ಎಲ್ಲಕ್ಕಿಂತ ಕೊನೆಗೆ ಬರುವ ಬಿ.ಸಿ.ರೋಡ್ ಮೊದಲಲ್ಲಿದೆ, ನಂತರ ಬ್ರಹ್ಮಾವರ, ಜ್ಯೋತಿ, ಕಾಪು, ಕಟಪಾಡಿ ಹೀಗೆ ಸಾಗುತ್ತದೆ. ಕನ್ನಡದಲ್ಲಿ ಓದುವವರಿಗೆ ಇದು ಅಕಾರಾದಿಯೂ ಅಲ್ಲ, ದಾರಿಯ ಕ್ರಮವೂ ಅಲ್ಲ. ನಾಲ್ಕು ವರ್ಷ ತಾವೇ ಟಿಕೆಟ್ ಮಾಡಿಕೊಳ್ಳುತ್ತಿದ್ದ ಅಪ್ಪ ಒಂದು ಸಂಜೆ ಫೋನನ್ನು ನನ್ನ ಕೈಗೆ ಕೊಟ್ಟು, “ಇದರಲ್ಲಿ ನಮ್ಮ ಕಟಪಾಡಿ ಎಲ್ಲಿ ಉಂಟು ಮಾರಾಯ್ತಿ?” ಎಂದು ಕೇಳಿದರು. ಅಂದಿನಿಂದ ಅವರ ಟಿಕೆಟನ್ನು ನಾನೇ ಮಾಡುತ್ತಿದ್ದೇನೆ. ಈ ವಿನ್ಯಾಸದ ಬಗ್ಗೆ ನನಗೆ ನಿಜವಾದ ಬೇಸರ ಇರುವುದು ಇಲ್ಲಿ: ಯಾರ ಸಹಾಯವೂ ಇಲ್ಲದೆ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದ ಒಬ್ಬ ಹಿರಿಯರನ್ನು ಅದು ಇನ್ನೊಬ್ಬರ ಮೇಲೆ ಅವಲಂಬಿಸುವಂತೆ ಮಾಡಿತು.

ಅದೇ ಪಟ್ಟಿಯನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ದೋಷ ಕಾಣುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ನಿಗದಿ ಮಾಡಿರುವುದರಿಂದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿ ಹೋಗುತ್ತದೆ. ‘ಕಿನ್ನಿಮುಲ್ಕಿ’ಯಲ್ಲಿ ನಕಾರದ ಒತ್ತೂ ಕಕಾರದ ಒತ್ತೂ ಅರ್ಧ ಮಾಯವಾಗಿ, ಗೊತ್ತಿದ್ದವರು ಮಾತ್ರ ಓದಬಹುದಾದ ಹೆಸರಾಗಿದೆ. ಕನ್ನಡ ಲಿಪಿಗೆ ಸಾಲಿನ ಕೆಳಗೂ ಜಾಗ ಬೇಕು. ವಿನ್ಯಾಸದ ಕಡತದಲ್ಲಿ ಒಂದು ಸಂಖ್ಯೆಯನ್ನು ಸ್ವಲ್ಪ ಹೆಚ್ಚಿಸಿದರೆ ಇದು ಸರಿಹೋಗುತ್ತದೆ. ಬಸ್ಸು ಬರುವ ಹೊತ್ತನ್ನು ಈಗ ಬಿಳಿ ಹಿನ್ನೆಲೆಯ ಮೇಲೆ ತಿಳಿಬೂದು ಬಣ್ಣದಲ್ಲಿ ತೋರಿಸುತ್ತಾರೆ. ನಾನು ಅಳೆದು ನೋಡಿದಾಗ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ (ಕಾಂಟ್ರಾಸ್ಟ್) ಸುಮಾರು 2.3ಕ್ಕೆ 1 ಬಂತು. ಜಾಲತಾಣಗಳ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆನ್ನುತ್ತದೆ. ರಸ್ತೆಬದಿಯಲ್ಲಿ ಚೀಲ ಹಿಡಿದು ನಿಂತು ಫೋನಿನ ಬೆಳಕು ತಗ್ಗಿಸಿ ನೋಡುವವರಿಗೆ ಅತಿ ಮುಖ್ಯವಾದ ಮಾಹಿತಿ ಅದೇ ಆಗಿರುವಾಗ, ಅದನ್ನೇ ಅತಿ ಮಸುಕಾಗಿ ಬರೆದದ್ದು ತಪ್ಪು ಆಯ್ಕೆ.

ಮಳೆಗಾಲದಲ್ಲಿ ಈ ಜಾಲತಾಣದ ಕೊರತೆ ಇನ್ನಷ್ಟು ಸ್ಪಷ್ಟವಾಯಿತು. 2024ರ ಜುಲೈಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಾಗ, ಬಸ್ಸು ಹೊರಡುತ್ತದೆಯೇ, ಹೊರಟರೆ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ತಿಳಿಯಲು ನಾನು ಮುಖಪುಟ ತೆರೆದೆ. ತೆರೆಯುತ್ತಿದ್ದಂತೆ ಕಂಡದ್ದು ಒಂದರ ಹಿಂದೊಂದು ಸರಿಯುವ ಮೂರು ರಿಯಾಯಿತಿ ಚಿತ್ರಗಳು. ಸೂಚನೆ ಇಲ್ಲದೆ ಇರಲಿಲ್ಲ. ಪುಟದ ತಳದಲ್ಲಿ, ‘ನಮ್ಮ ಬಗ್ಗೆ’ ಎಂಬ ಕೊಂಡಿಯ ಪಕ್ಕದಲ್ಲಿ ಇತ್ತು. ಹಳೆಯ ಜಾಲತಾಣದಲ್ಲಿ ಇಂತಹ ದಿನಗಳಲ್ಲಿ ಎಲ್ಲಕ್ಕಿಂತ ಮೇಲೆ ಹಳದಿ ಪಟ್ಟಿಯೊಂದು ಬರುತ್ತಿತ್ತು, ಒಂದೇ ಸಾಲಿನಲ್ಲಿ ವಿಷಯ ಇರುತ್ತಿತ್ತು. ಆ ಭಾರದ ಚಿತ್ರಗಳಿಂದ ಪುಟವೂ ನಿಧಾನವಾಗಿದೆ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಮಳೆಯ ಸಂಜೆ ನನ್ನ ಫೋನಿನಲ್ಲಿ ಅದಕ್ಕೆ ಹತ್ತು ಸೆಕೆಂಡಿಗೂ ಹೆಚ್ಚು ಬೇಕಾಗುತ್ತದೆ. ತಡವಾಗಿ ಬಂದ ಚಿತ್ರ ಕೆಳಗಿನದ್ದನ್ನೆಲ್ಲ ತಳ್ಳುವುದರಿಂದ ಒತ್ತಲು ಹೋದ ಗುಂಡಿಯ ಜಾಗದಲ್ಲಿ ಬೇರೇನೋ ಬಂದಿರುತ್ತದೆ.

ಹಣ ಕಟ್ಟುವ ಪುಟದಲ್ಲಿ ಪ್ರಯಾಣ ವಿಮೆಯ ಚೌಕಕ್ಕೆ ಮೊದಲೇ ಗುರುತು ಹಾಕಿರುತ್ತಾರೆ. ತೆಗೆಯದಿದ್ದರೆ ಪ್ರತಿ ಪ್ರಯಾಣಿಕರಿಗೆ 15 ರೂಪಾಯಿ ಸೇರುತ್ತದೆ. ಮೊತ್ತ ಸಣ್ಣದು, ಆದರೆ ಕೇಳದೆ ಸೇರಿಸುವುದು ಸರಿಯಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಒಪ್ಪಿಗೆ ಇಲ್ಲದೆ ಬಿಲ್ಲಿಗೆ ಹೆಚ್ಚುವರಿ ಸೇವೆ ಸೇರಿಸುವುದು ಅವುಗಳಲ್ಲೊಂದು.

ಹೊಸ ವಿನ್ಯಾಸದಲ್ಲಿ ಎಲ್ಲವೂ ಕೆಟ್ಟಿದೆಯೆಂದು ಬರೆದರೆ ಅನ್ಯಾಯವಾದೀತು. ಟಿಕೆಟ್ ರದ್ದು ಮಾಡುವ ಪುಟ ಈಗ ನಿಜಕ್ಕೂ ಚೆನ್ನಾಗಿದೆ. ಹಿಂದೆ ನಿಯಮಗಳ ಉದ್ದದ ಕೋಷ್ಟಕ ಓದಿ ನಾವೇ ಶೇಕಡಾವಾರು ಲೆಕ್ಕ ಹಾಕಬೇಕಿತ್ತು. ಈಗ ರದ್ದು ಮಾಡುವ ಮೊದಲೇ ‘ನಿಮಗೆ ಮರಳುವ ಮೊತ್ತ’ ಎಂದು ರೂಪಾಯಿಯಲ್ಲಿ ತೋರಿಸಿ, ಬಳಿಕ ಒಪ್ಪಿಗೆ ಕೇಳುತ್ತಾರೆ. ಈ ವಾಕ್ಯವನ್ನು ಯಾರೋ ಕನ್ನಡಿಗರೇ ಬರೆದಿರಬೇಕು. ಆಸನಗಳ ನಕ್ಷೆಯಲ್ಲಿ ಮಹಿಳೆಯರ ಆಸನವನ್ನು ಬಣ್ಣದಿಂದ ಮಾತ್ರವಲ್ಲದೆ ‘ಮ’ ಎಂಬ ಅಕ್ಷರದಿಂದಲೂ ಗುರುತಿಸಿದ್ದಾರೆ, ಬಣ್ಣಗಳ ವ್ಯತ್ಯಾಸ ಗೊತ್ತಾಗದವರಿಗೆ ಇದು ದೊಡ್ಡ ಅನುಕೂಲ. ಖಾತೆ ತೆರೆಯದೆಯೂ ಟಿಕೆಟ್ ಮಾಡಬಹುದು. ಬಸ್ಸು ಈಗ ಎಲ್ಲಿದೆ ಎಂದು ತೋರಿಸುವ ನಕ್ಷೆ ನನಗೆ ಕಟಪಾಡಿಯಲ್ಲಿ ಎಷ್ಟೋ ಬಾರಿ ಮಳೆಯಲ್ಲಿ ನಿಲ್ಲುವುದನ್ನು ತಪ್ಪಿಸಿದೆ.

ಹತ್ತುವ ಸ್ಥಳಗಳ ಪಟ್ಟಿ ಮತ್ತು ಮಳೆಗಾಲದ ಸೂಚನೆಯ ಬಗ್ಗೆ ಸಂಸ್ಥೆಗೆ ಎರಡು ಬಾರಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಹಳೆಯ ವಿನ್ಯಾಸಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೆ, ಹೊಸದಕ್ಕೆ ಎರಡೂವರೆ. ಇದನ್ನು ಬಳಸುವವರು ಹಣ ಕಟ್ಟುವ ಮುನ್ನ ವಿಮೆಯ ಗುರುತನ್ನು ತೆಗೆಯಿರಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಟದ ತಳದವರೆಗೂ ಹೋಗಿ ಸೂಚನೆ ಓದಿಕೊಳ್ಳಿ, ಹತ್ತುವ ಸ್ಥಳ ಆಯ್ದ ಮೇಲೆ ಟಿಕೆಟಿನಲ್ಲಿ ಅದೇ ಹೆಸರು ಬಂದಿದೆಯೇ ಎಂದು ಮತ್ತೊಮ್ಮೆ ನೋಡಿ. ಪಟ್ಟಿಯಲ್ಲಿ ಕಾಪು ಮತ್ತು ಕಟಪಾಡಿ ಒಂದರ ಕೆಳಗೊಂದು ಇರುವುದರಿಂದ ನಾನೇ ಒಮ್ಮೆ ಕಾಪುವಿನಿಂದ ಹತ್ತುವಂತೆ ಟಿಕೆಟ್ ಮಾಡಿ, ಅಪ್ಪನನ್ನು ರಾತ್ರಿ ಆಟೋದಲ್ಲಿ ಅಲ್ಲಿಗೆ ಕರೆದೊಯ್ಯಬೇಕಾಯಿತು.