ಗುಡ್ಡದ ಮರೆಯಲ್ಲಿ 103.1: ಮಡಿಕೇರಿ ಆಕಾಶವಾಣಿಯ ಹಳೆಯ ಕೇಳುಗನ ಅನುಭವ

103.1 ಎಫ್‌ಎಂನಲ್ಲಿ ಬರುವ ಮಡಿಕೇರಿ ಆಕಾಶವಾಣಿಗೆ ಅಂಕ ಕೊಡಿ ಎಂದರೆ ನಾನು ಐದಕ್ಕೆ ಐದನ್ನೂ ಕೊಡುತ್ತೇನೆ. ಒಂದೇ ಷರತ್ತು: ಅದನ್ನು ಕೇಳಲು ಮನೆಯಲ್ಲಿ ಸೆಲ್ ಹಾಕುವ ರೇಡಿಯೋ ಒಂದಿರಬೇಕು. ಮೊಬೈಲ್‌ನಲ್ಲಿ ಆ್ಯಪ್ ಇರುವಾಗ ಬೇರೆ ರೇಡಿಯೋ ಯಾಕೆ ಎಂದು ಕೇಳುವವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಭಾಗಮಂಡಲದ ಕಡೆಯ ಒಂದು ಕಣಿವೆಯಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಮನೆಮಾತು ಅರೆಭಾಷೆ, ಕೊಡಗಿನ ಕಡೆ ಆಡುವ ಕನ್ನಡದ ಒಂದು ಬಗೆ. ಈ ನಿಲಯದ ದನಿ ನಮ್ಮ ಮನೆಗೆ ಬಂದು ದಶಕಗಳೇ ಆದವು.

ನಿಲಯ ಬರುವುದಕ್ಕೆ ಮೊದಲು ನಮಗೆ ರೇಡಿಯೋ ಎಂದರೆ ಮೀಡಿಯಂ ವೇವ್. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ 1089 ಕಿಲೋಹರ್ಟ್ಸ್‌ನಲ್ಲಿ ಘಟ್ಟ ಹತ್ತಿ ಬರುತ್ತಿತ್ತು. ಹಗಲಲ್ಲಿ ಪರವಾಗಿಲ್ಲ, ಕತ್ತಲಾದ ಮೇಲೆ ದೂರದೂರದ ಕೇಂದ್ರಗಳ ಅಲೆಗಳೆಲ್ಲ ಮೇಲಿನ ವಾತಾವರಣಕ್ಕೆ ತಾಗಿ ಹಿಂದಿರುಗಿ ಒಂದರ ಮೇಲೊಂದು ಬೀಳುತ್ತಿದ್ದವು. ಗುಡುಗು ಮಿಂಚಿನ ದಿನವಂತೂ ಬರೀ ಚಟಪಟ ಸದ್ದು. ಕೇಳಿದ್ದರಲ್ಲಿ ಕನ್ನಡವಿತ್ತು, ತುಳುವಿತ್ತು, ಒಳ್ಳೆಯ ಯಕ್ಷಗಾನವಿತ್ತು. ಕೊಡಗಿನ ಊರುಗಳ ಹೆಸರು ಮಾತ್ರ ಅಪರೂಪಕ್ಕೆ ಕಿವಿಗೆ ಬೀಳುತ್ತಿತ್ತು.

ನಮ್ಮ ಪಕ್ಕದ ಮೈಸೂರಿಗೆ ಈ ವಿಷಯದಲ್ಲಿ ದೊಡ್ಡ ಚರಿತ್ರೆಯಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರೇಷಕವಿಟ್ಟು ‘ಆಕಾಶವಾಣಿ’ ಎಂಬ ಕೇಂದ್ರ ನಡೆಸಿದರು. ದೇಶದ ಪ್ರಸಾರ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಿದ್ದದ್ದೇ ಮರುವರ್ಷ. ಒಬ್ಬ ಮೇಷ್ಟ್ರು ತಮ್ಮ ಮನೆಯಿಂದ ಊರಿಗೆಲ್ಲ ಕೇಳುವಂತೆ ಸಂಗೀತ, ಭಾಷಣ ಬಿತ್ತರಿಸಿದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ರೇಡಿಯೋ ಹತ್ತಿರದವರಿಗಾಗಿ ಹತ್ತಿರದವರೇ ನಡೆಸುವಂಥದ್ದು ಎಂಬ ಆ ತಿಳಿವಳಿಕೆ ಸರ್ಕಾರದ ಯೋಜನೆಯಾಗಿ ಬರಲು ಅರ್ಧ ಶತಮಾನವೇ ಹಿಡಿಯಿತು. 1984ರಲ್ಲಿ ನಾಗರಕೋವಿಲ್‌ನಲ್ಲಿ ದೇಶದ ಮೊದಲ ಸ್ಥಳೀಯ ಬಾನುಲಿ ಕೇಂದ್ರ ತೆರೆಯಿತು. ಆಮೇಲೆ ಕರ್ನಾಟಕದ ಜಿಲ್ಲೆಗಳಿಗೂ ಒಂದೊಂದಾಗಿ ಬಂದವು. 1990ರ ದಶಕದಲ್ಲಿ ಮಡಿಕೇರಿಯ ಸರದಿ.

ಎಫ್‌ಎಂ ದನಿಯ ಸ್ಪಷ್ಟತೆ ನಮ್ಮನ್ನು ಬೆರಗಾಗಿಸಿದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ರೇಡಿಯೋದೊಳಗಿಂದ ಅರೆಭಾಷೆ ಕೇಳಿಬಂದಾಗ ನನ್ನ ಅಜ್ಜಿ ಕೈಲಿದ್ದ ಮೊರ ಕೆಳಗಿಟ್ಟು ಹತ್ತಿರ ಬಂದು ಕೂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಶಾಲೆಗೆ ಒಂದು ಭಾಷೆ, ಕಚೇರಿಗೆ ಒಂದು ಭಾಷೆ, ಮನೆಯ ಮಾತು ಮನೆಗೆ ಎಂದು ಬದುಕಿದವರು ಅವರು. ಆ ಮಾತಿಗೂ ಒಂದು ಮೈಕು ಸಿಕ್ಕಿತೆಂಬುದು ಅವರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಕೊಡವ ಭಾಷೆಯ ಕಾರ್ಯಕ್ರಮಗಳನ್ನು ನಮ್ಮ ಮನೆಯವರೂ ಕೇಳುತ್ತಾರೆ, ಅರೆಭಾಷೆಯದ್ದನ್ನು ಪಕ್ಕದ ಐನ್‌ಮನೆಯವರೂ (ಐನ್‌ಮನೆ ಎಂದರೆ ಕೊಡವರ ಕುಲದ ಹಿರಿಮನೆ) ಕೇಳುತ್ತಾರೆ. 2011ರ ಜನಗಣತಿಯ ಪ್ರಕಾರ ಕೊಡವ ಮಾತೃಭಾಷೆಯವರು 1,13,857 ಮಂದಿ. ಇಷ್ಟು ಜನಕ್ಕಾಗಿ ಜಾಹೀರಾತು ನಂಬಿದ ಯಾವ ವಾಹಿನಿಯೂ ದಿನದ ಸಮಯ ಎತ್ತಿಡುವುದಿಲ್ಲ. ಜೊತೆಗೆ, ಖಾಸಗಿ ಎಫ್‌ಎಂಗಳಿಗೆ ತಮ್ಮದೇ ಸುದ್ದಿ ಬಿತ್ತರಿಸುವ ಅನುಮತಿ ನಮ್ಮ ದೇಶದಲ್ಲಿಲ್ಲ. ಹಾಗಾಗಿ ಸುದ್ದಿಯೂ ನಮ್ಮ ಮಾತೂ ಒಂದೇ ತರಂಗಾಂತರದಲ್ಲಿ ಬೇಕೆಂದರೆ ನಮಗೆ ಇರುವುದು ಸಾರ್ವಜನಿಕ ಬಾನುಲಿಯೇ.

ತೋಟದವರಿಗೆ ಇದರ ಉಪಯೋಗ ವರ್ಷವಿಡೀ ಇದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಮೊಗ್ಗು ಹೂಮಳೆಗೆ ಕಾದು ನಿಂತಿರುತ್ತದೆ. ಮಳೆಯ ಸೂಚನೆಯಿದ್ದರೆ ಸ್ಪ್ರಿಂಕ್ಲರ್ ಇಳಿಸದೆ ಎರಡು ದಿನ ಕಾಯಬಹುದು, ಡೀಸೆಲ್ ಖರ್ಚು ಉಳಿಯುತ್ತದೆ. ಕುಯ್ಲಿನ ಹೊತ್ತಿಗೆ ಅಕಾಲ ಮಳೆ ಬರುವ ಸುದ್ದಿ ಸಂಜೆಯೇ ಕಿವಿಗೆ ಬಿದ್ದರೆ ಕಣದಲ್ಲಿ ಹರಡಿದ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲು ಮುಚ್ಚಬಹುದು. ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ನಮ್ಮ ಕಡೆಯ ಹಿರಿಯರು ಕೂಡಲೇ 25.4ರಿಂದ ಭಾಗಿಸಿ ಇಂಚು, ಸೆಂಟಿಗೆ (ಸೆಂಟು ಎಂದರೆ ಇಂಚಿನ ನೂರರಲ್ಲೊಂದು ಪಾಲು) ಇಳಿಸಿಕೊಳ್ಳುತ್ತಾರೆ. ತೋಟದ ಮಳೆಪುಸ್ತಕದಲ್ಲಿ ಬರೆಯುವುದು ಇಂದಿಗೂ ಇಂಚು, ಸೆಂಟೇ.

ಆದರೂ ಈ ನಿಲಯದ ನಿಜವಾದ ಬೆಲೆ ತಿಳಿಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ತ್ರಿವೇಣಿ ಸಂಗಮ ತುಂಬಿ ಭಾಗಮಂಡಲದ ರಸ್ತೆಯ ಮೇಲೆ ನೀರು ಬಂದಿತೆಂದರೆ ನಾಪೋಕ್ಲು ಕಡೆಯ ಸಂಪರ್ಕ ತಪ್ಪುವುದೂ ಉಂಟು. ಮರ ಬಿದ್ದು ಕರೆಂಟು ಹೋಗುತ್ತದೆ. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಮೊಬೈಲ್ ಟವರಿನ ಬ್ಯಾಟರಿಯೂ ಕೈಕೊಡುತ್ತದೆ. ಆಮೇಲೆ ಮನೆಯಲ್ಲಿರುವ ಅಷ್ಟೂ ಮೊಬೈಲ್‌ಗಳು ಟಾರ್ಚಿನ ಕೆಲಸಕ್ಕೆ ಮಾತ್ರ. ಮಕ್ಕಳ ಶಾಲೆಗೆ ರಜೆ ಘೋಷಣೆಯಾಗಿದೆಯೇ, ಮಡಿಕೇರಿ ರಸ್ತೆಯಲ್ಲಿ ಬಸ್ ಓಡುತ್ತಿದೆಯೇ ಎಂಬುದು ಆಗ ನಮಗೆ ಗೊತ್ತಾಗುವುದು ರೇಡಿಯೋದಿಂದಲೇ.

2018ರ ಆಗಸ್ಟ್ ಮಧ್ಯಭಾಗವನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ. ಮಕ್ಕಂದೂರು, ಕಾಲೂರು, ಜೋಡುಪಾಲ ಕಡೆ ಬೆಟ್ಟಗಳೇ ಜಾರಿದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಕುಸಿಯಿತು. ನನ್ನ ಅತ್ತಿಗೆಯ ತವರು ಆ ಭಾಗದಲ್ಲೇ. ಫೋನು ಹೋಗುತ್ತಿಲ್ಲ, ರಸ್ತೆಯಿಲ್ಲ, ಪೇಪರ್ ಬರುತ್ತಿಲ್ಲ. ಅಡುಗೆಮನೆಯ ಒಲೆಯ ಬಳಿ ರೇಡಿಯೋ ಇಟ್ಟುಕೊಂಡು ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದೆವು. ಯಾವ ದಾರಿ ಮುಚ್ಚಿದೆ, ನಿರಾಶ್ರಿತರ ಶಿಬಿರಗಳು ಎಲ್ಲೆಲ್ಲಿವೆ ಎಂದು ಒಂದೊಂದೇ ಊರಿನ ಹೆಸರು ಬರುವಾಗ ಅತ್ತಿಗೆ ಅದನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದುಕೊಂಡರು. ಆ ದನಿಯಲ್ಲಿ ಗಾಬರಿಯಿರಲಿಲ್ಲ, ಉತ್ಪ್ರೇಕ್ಷೆಯಿರಲಿಲ್ಲ. ಅದೇ ವಾರ ಮೊಬೈಲ್‌ಗಳಿಗೆ ನೆಟ್‌ವರ್ಕ್ ಬಂದ ಕೂಡಲೇ ಅಣೆಕಟ್ಟು ಒಡೆದಿದೆ ಎಂಬಂಥ ಸುಳ್ಳು ಸಂದೇಶಗಳು ಸಾಲುಸಾಲಾಗಿ ಬಂದು ಬಿದ್ದವು. ಅವನ್ನು ನಂಬದೆ ಇರಲು ನಮಗೆ ಧೈರ್ಯ ಕೊಟ್ಟದ್ದು ರೇಡಿಯೋದ ಮಾತು. ತವರಿನವರು ಶಿಬಿರದಲ್ಲಿ ಕ್ಷೇಮವಾಗಿದ್ದರೆಂದು ಆಮೇಲೆ ತಿಳಿಯಿತು.

ಇನ್ನು ಕೊರತೆಯ ಮಾತು. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುವಂಥದ್ದು, ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು ಬೀಳುತ್ತದೆ. ಗುಡ್ಡಗಳೇ ತುಂಬಿದ ಜಿಲ್ಲೆಯಲ್ಲಿ ಯಾರೇ ನಿಲಯ ಕಟ್ಟಿದರೂ ಇದು ತಪ್ಪಿದ್ದಲ್ಲ. ನಮ್ಮ ಮನೆಯ ಜಗಲಿಯಲ್ಲಿ ದನಿ ನೀರಿನಷ್ಟು ತಿಳಿ, ಹಿಂದಿನ ಕೋಣೆಯಲ್ಲಿ ಬರೀ ಸುಯ್ಯೆಂಬ ಸದ್ದು. ಇದಕ್ಕೆ ನಾವು ಕಂಡುಕೊಂಡ ಉಪಾಯ ಹೇಳುತ್ತೇನೆ. 103.1 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 2.9 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 73 ಸೆಂಟಿಮೀಟರ್ ಉದ್ದದ ತಾಮ್ರದ ತಂತಿಯ ಒಂದು ತುದಿಯ ಪ್ಲಾಸ್ಟಿಕ್ ಸುಲಿದು ರೇಡಿಯೋದ ಆಂಟೆನಾಗೆ ಸುತ್ತಿ, ಇನ್ನೊಂದು ತುದಿಯನ್ನು ಮಡಿಕೇರಿ ದಿಕ್ಕಿನ ಕಿಟಕಿಯ ಸರಳಿಗೆ ನೂಲಿನಿಂದ ಕಟ್ಟಬೇಕು. ತಂತಿ ಸರಳಿಗೆ ತಾಗಬಾರದು. ಆಂಟೆನಾವನ್ನು ಪೂರ್ತಿ ಕುಗ್ಗಿಸಿ ಸುತ್ತಿದರೆ ಒಳ್ಳೆಯದು. ತಂತಿಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡಡ್ಡ ಹಿಡಿದು ನೋಡಿ, ದನಿ ಎಲ್ಲಿ ಚೆನ್ನಾಗಿ ಬರುತ್ತದೋ ಅಲ್ಲಿ ಬಿಡಿ. ಗುಡುಗು ಸಿಡಿಲಿದ್ದಾಗ ಮಾತ್ರ ಬಿಚ್ಚಿಡಿ.

ರೇಡಿಯೋ ಕೊಳ್ಳುವಾಗ ಸೌರಫಲಕ, ಬಣ್ಣದ ದೀಪ, ಪೆನ್‌ಡ್ರೈವ್ ಎಂದು ಮರುಳಾಗಬೇಡಿ. ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಸೌರಫಲಕದಿಂದ ಹೆಚ್ಚಿನ ಉಪಯೋಗವಿಲ್ಲ. ಉದ್ದ ಆಂಟೆನಾ ಇರುವ, ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸೆಲ್ ಹಾಕಬಹುದಾದ ಸಾದಾ ಸೆಟ್ ಸಾಕು. ನಮ್ಮ ಮೊದಲ ಸೆಟ್ ಕೆಟ್ಟದ್ದು ತೇವದಿಂದ. ಸೆಲ್ ಕೂರುವ ಸ್ಪ್ರಿಂಗಿಗೆ ಹಸಿರು ಕಿಲುಬು ಹಿಡಿದು ಕರೆಂಟು ಹರಿಯುತ್ತಿರಲಿಲ್ಲ. ಈಗ ಬಳಸದಿರುವಾಗ ಸೆಲ್ ತೆಗೆದಿಡುತ್ತೇವೆ, ಸೆಟ್ಟನ್ನು ಒಲೆಯ ಮೇಲಿನ ಅಟ್ಟದ ಅಂಚಿನಲ್ಲಿ, ಹೊಗೆ ತಾಗದ ಆದರೆ ಬಿಸಿ ತಾಗುವ ಜಾಗದಲ್ಲಿಡುತ್ತೇವೆ.

ಆ್ಯಪ್‌ನ ಬಗ್ಗೆ ನನಗೆ ಗೌರವವಿದೆ. ಬೆಂಗಳೂರಿನಲ್ಲಿರುವ ನನ್ನ ತಂಗಿ ಪ್ರಸಾರ ಭಾರತಿಯ ಆ್ಯಪ್‌ನಲ್ಲಿ ಮಡಿಕೇರಿ ನಿಲಯ ಹಾಕಿಕೊಂಡು ಅಡುಗೆ ಮಾಡುತ್ತಾಳೆ, ಅವಳಿಗೆ ಅದು ತವರಿನ ದಾರಿ. ಇಂಟರ್ನೆಟ್‌ನಲ್ಲಿ ಬರುವ ದನಿ ಗಾಳಿಯಲ್ಲಿ ಬರುವುದಕ್ಕಿಂತ ಸ್ವಲ್ಪ ತಡ, ಅದರಿಂದ ಅವಳಿಗೇನೂ ನಷ್ಟವಿಲ್ಲ. ಮಳೆಯಲ್ಲಿ ಸಿಕ್ಕಿಕೊಂಡವರಿಗೆ ಮಾತ್ರ ಅದು ಆಗಿಬರುವುದಿಲ್ಲ. ಮೊಬೈಲ್‌ನೊಳಗೇ ಎಫ್‌ಎಂ ಇದ್ದರೆ ನೆಟ್‌ವರ್ಕ್ ಬೇಡ, ಇಯರ್‌ಫೋನಿನ ವಯರೇ ಆಂಟೆನಾ ಆಗುತ್ತದೆ. ಹೊಸ ಮೊಬೈಲ್‌ಗಳಲ್ಲಿ ಆ ಸೌಲಭ್ಯ ಕಡಿಮೆಯಾಗುತ್ತಿರುವುದನ್ನು ಕಂಡು, ವಿಪತ್ತಿನ ಕಾಲಕ್ಕೆ ಬೇಕಾಗುತ್ತದೆ ಎಂದೇ 2023ರ ಏಪ್ರಿಲ್‌ನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಸಚಿವಾಲಯ ಅದನ್ನು ತೆಗೆಯಬೇಡಿ ಎಂದು ತಯಾರಕರಿಗೆ ಸಲಹೆ ನೀಡಿತು. ಮೊಬೈಲ್ ಕೊಳ್ಳುವ ಮುನ್ನ ಕೇಳಿ ನೋಡಿ.

ಅಕ್ಟೋಬರ್‌ನ ತುಲಾ ಸಂಕ್ರಮಣದ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅಪೂರ್ಣ. ತಲಕಾವೇರಿಯ ತೀರ್ಥೋದ್ಭವದ ಮುಹೂರ್ತ ವರ್ಷದಿಂದ ವರ್ಷಕ್ಕೆ ಬೇರೆ, ಕೆಲವೊಮ್ಮೆ ಹಗಲು, ಕೆಲವೊಮ್ಮೆ ನಡುರಾತ್ರಿ. ಅಜ್ಜಿಗೆ ಮೆಟ್ಟಿಲು ಹತ್ತಲಾಗದಂತಾದ ಮೇಲೆ ಅವರು ಹಾಸಿಗೆಯಲ್ಲೇ ಕೂತು ರೇಡಿಯೋದಲ್ಲಿ ವಿವರಣೆ ಕೇಳುತ್ತಾ ತೀರ್ಥ ಉಕ್ಕುವ ಪುಟ್ಟ ಕೊಳವಾದ ಕುಂಡಿಕೆಯ ಬಳಿಯ ಮಂತ್ರ, ಜನರ ಜಯಕಾರ ಕೇಳಿಬಂದಾಗ ಕೈಮುಗಿಯುತ್ತಿದ್ದರು.

ನನ್ನದೊಂದು ಆಸೆ ಇದೆ. ಇಷ್ಟು ವರ್ಷಗಳಲ್ಲಿ ಈ ನಿಲಯದ ಮೈಕಿನ ಮುಂದೆ ದುಡಿ ಬಡಿದು ಕೊಡವರ ‘ಬಾಳೋ’ ಪದ ಹಾಡಿದವರು, ಅರೆಭಾಷೆಯ ಸೋಬಾನೆ ಹೇಳಿದವರು, ಹಳೆಯ ಬೇಸಾಯದ ಕಥೆ ಹೇಳಿದವರು ಬಹಳ ಮಂದಿ. ಅವರಲ್ಲಿ ಎಷ್ಟೋ ಜನ ಇಂದು ನಮ್ಮೊಂದಿಗಿಲ್ಲ. ಆ ಧ್ವನಿಮುದ್ರಣಗಳಲ್ಲಿ ಉಳಿದಿರುವುದನ್ನೆಲ್ಲ ಊರು, ಹೆಸರು, ಇಸವಿ ಸಮೇತ ಜೋಡಿಸಿ ಯಾರು ಬೇಕಾದರೂ ಕೇಳುವಂತೆ ಇಡಬೇಕು. ಮನೆಯಲ್ಲಿ ಕ್ಯಾಸೆಟ್‌ಗೆ ಹಿಡಿದಿಟ್ಟ ಹಳೆಯ ಕಾರ್ಯಕ್ರಮಗಳಿದ್ದವರು ದಯವಿಟ್ಟು ಎಸೆಯಬೇಡಿ. ಬೂಷ್ಟು ಹಿಡಿದ ಟೇಪನ್ನೂ ತಿಳಿದವರ ಕೈಯಲ್ಲಿ ಸ್ವಚ್ಛ ಮಾಡಿಸಬಹುದು. ನಮ್ಮಲ್ಲಿರುವ ಕೆಲವನ್ನು ಈ ಬೇಸಿಗೆಯಲ್ಲಿ ಮಡಿಕೇರಿಗೆ ಒಯ್ದು ಕಂಪ್ಯೂಟರಿಗೆ ಇಳಿಸಿಕೊಳ್ಳುವವರಿದ್ದೇವೆ.