ಟ್ರಸ್ಟಿನ ಲೆಕ್ಕಕ್ಕೆ ಟ್ಯಾಲಿ: ಏಳು ವರ್ಷ ಬಳಸಿದ ಮೇಲೆ

ಮಂಡ್ಯದ ಗುತ್ತಲು ರಸ್ತೆ ಕಡೆ ನಮ್ಮದೊಂದು ಚಿಕ್ಕ ಟ್ರಸ್ಟು. ಮಹಿಳಾ ಸಂಘಗಳಿಗೆ ತರಬೇತಿ, ಮಕ್ಕಳಿಗೆ ಸಂಜೆ ಪಾಠ, ಕೆರೆ ಹೂಳೆತ್ತುವ ಕೆಲಸ ಅಂತ ಮೂರು ಯೋಜನೆ. ಒಂದೊಂದಕ್ಕೂ ಬೇರೆ ಬೇರೆ ದಾನಿ. ಲೆಕ್ಕಕ್ಕೆ ಮಾತ್ರ ನಾನೊಬ್ಬಳೇ. ಕೆಂಪು ರಟ್ಟಿನ ಕ್ಯಾಶ್‌ಬುಕ್ಕಿನಿಂದ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೆ ಬಂದೆ. ಮೊದಲು ಇಆರ್‌ಪಿ 9, ಈಗ ಪ್ರೈಮ್, ಎರಡೂ ಅದರ ಆವೃತ್ತಿಗಳೇ.

ಟ್ಯಾಲಿಯಲ್ಲಿ ಟ್ರಸ್ಟೂ ಒಂದು 'ಕಂಪನಿ'ಯೇ. ಮೊದಲ ವರ್ಷದ ಲೆಕ್ಕ ಪ್ರಿಂಟ್ ತೆಗೆದು ಸಭೆಯಲ್ಲಿಟ್ಟಾಗ ಹಿರಿಯ ಟ್ರಸ್ಟಿಯೊಬ್ಬರು ಕನ್ನಡಕ ಸರಿಮಾಡಿಕೊಂಡು, "ಏನಮ್ಮಾ, ನಮಗೆ ಲಾಭ ಎಲ್ಲಿಂದ ಬಂತು?" ಅಂದರು. ಎಫ್11 ಕೀಲಿ ಒತ್ತಿದರೆ ಬರುವ ಸೆಟ್ಟಿಂಗಿನಲ್ಲಿ ಲಾಭ-ನಷ್ಟದ ಬದಲು ಆದಾಯ-ವೆಚ್ಚ ಬೇಕು ಅಂತ ಒಂದು 'ಯೆಸ್' ಕೊಟ್ಟಿದ್ದರೆ ಮುಗಿಯುತ್ತಿತ್ತು. ಟ್ಯಾಲಿ ಹಾಕಿಕೊಟ್ಟ ಹುಡುಗ ಹೇಳಲಿಲ್ಲ. ಅವನು ಕಂಡಿದ್ದೆಲ್ಲ ಅಕ್ಕಿ ಗಿರಣಿ, ಗೊಬ್ಬರದ ಅಂಗಡಿ ಲೆಕ್ಕ.

ಅಂಗಡಿಗೆ ಡೀಸೆಲ್ ಖರ್ಚು ಅಂದರೆ ಡೀಸೆಲ್ ಖರ್ಚು. ನಮಗೆ ಹಾಗಲ್ಲ. ಮಳವಳ್ಳಿಗೆ ಹೋದ ಜೀಪು ಬೆಳಿಗ್ಗೆ ಸಂಘದ ತರಬೇತಿಗೆ, ಮಧ್ಯಾಹ್ನ ಮಕ್ಕಳ ಕೇಂದ್ರಕ್ಕೆ. 1,800 ರೂಪಾಯಿ ಡೀಸೆಲ್ ಯಾರ ದುಡ್ಡು? ಇದು ತಿಳಿಯದೆ ನಾನು 'ಡೀಸೆಲ್-ಮಹಿಳಾ', 'ಡೀಸೆಲ್-ಮಕ್ಕಳು', 'ಡೀಸೆಲ್-ಕೆರೆ' ಅಂತ ಒಂದೊಂದಕ್ಕೂ ಲೆಡ್ಜರ್, ಅಂದರೆ ಬೇರೆ ಖಾತೆ, ತೆರೆಯುತ್ತಾ ಹೋದೆ. ಎರಡು ವರ್ಷಕ್ಕೆ ಲೆಡ್ಜರ್ ಪಟ್ಟಿ ಮದುವೆಗೆ ಕರೆಯೋರ ಪಟ್ಟಿ ಹಾಗೆ ಬೆಳೀತು. ಕೊಟ್ಟ ಹಣ ಯಾವುದಕ್ಕೆ ಖರ್ಚಾಯಿತು ಅಂತ ತೋರಿಸುವ ವಿನಿಯೋಗ ಪತ್ರವನ್ನು ದಾನಿಯೊಬ್ಬರು ಕೇಳಿದಾಗ ವೋಚರ್ ಕಟ್ಟು ಬಿಚ್ಚಿಕೊಂಡು ನಾಲ್ಕು ರಾತ್ರಿ ಕೂತೆ.

ಇದಕ್ಕೆ ಮದ್ದು ಕಾಸ್ಟ್ ಸೆಂಟರ್, ಅಂದರೆ ಒಂದು ಖರ್ಚನ್ನು ಯೋಜನೆವಾರು ಹಂಚಿ ತೋರಿಸುವ ಸೌಲಭ್ಯ. ಡೀಸೆಲ್‌ಗೆ ಒಂದೇ ಲೆಡ್ಜರ್. ಎಂಟ್ರಿ ಹಾಕುವಾಗಲೇ 1,100 ಮಹಿಳಾ ಯೋಜನೆಗೆ, 700 ಮಕ್ಕಳದಕ್ಕೆ. ಅದರ ಮೇಲೆ ಕಾಸ್ಟ್ ಸೆಂಟರುಗಳನ್ನು ಗುಂಪು ಮಾಡುವ ಕಾಸ್ಟ್ ಕೆಟಗರಿ ಅಂತಿದೆ. ದಾನಿಗಳಿಗೆಲ್ಲ ಒಂದು, ತಾಲ್ಲೂಕುಗಳಿಗೆಲ್ಲ ಇನ್ನೊಂದು ಕೆಟಗರಿ ಮಾಡಿಕೊಂಡರೆ ಅದೇ 1,800 ಎರಡೂ ಕಡೆ ಪೂರ್ತಿ ಹಂಚಿಕೆಯಾಗುತ್ತದೆ, ಲೆಕ್ಕ ಎರಡು ಸಲ ಸೇರುವುದಿಲ್ಲ. ದಾನಿ ಕೇಳಿದರೆ ಒಂದು ವರದಿ, ಟ್ರಸ್ಟಿಗಳು 'ಮಳವಳ್ಳಿಗೆಷ್ಟು?' ಅಂದರೆ ಇನ್ನೊಂದು. ಆದರೆ ಹಂಚಿಕೆ ಎಷ್ಟು ಅಂತ ಜೀಪಿನಲ್ಲಿ ಹೋದವರೇ ವೋಚರ್ ಹಿಂದೆ ಬರೆದು ಕೊಡಬೇಕು. ಅದನ್ನು ಅಭ್ಯಾಸ ಮಾಡಿಸಲು ಟ್ಯಾಲಿ ಕಲಿತದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ವಿದೇಶಿ ದೇಣಿಗೆ ನಮಗಿಲ್ಲ. ಇರುವವರು ಅದಕ್ಕೆ ಟ್ಯಾಲಿಯಲ್ಲಿ ಬೇರೆಯೇ 'ಕಂಪನಿ' ತೆರೆದುಕೊಳ್ಳಿ. ದೆಹಲಿಯ ಎಸ್‌ಬಿಐ ಖಾತೆಗೆ ಬರುವ ಆ ಹಣ ಊರಿನ ಹಣದ ಜೊತೆ ಬೆರೆಯುವ ಹಾಗಿಲ್ಲ.

80ಜಿ ದಾನಿಗಳ, ಅಂದರೆ ಕೊಟ್ಟ ದಾನಕ್ಕೆ ತೆರಿಗೆ ರಿಯಾಯಿತಿ ಕೇಳಬಹುದಾದವರ, ಪಟ್ಟಿಯನ್ನು ನಾನಿನ್ನೂ ಎಕ್ಸೆಲ್‌ನಲ್ಲೇ ಇಟ್ಟಿದ್ದೇನೆ. 2021-22ರ ಲೆಕ್ಕದಿಂದ ಮೇ 31ರೊಳಗೆ ದಾನಿಗಳ ವಿವರದ ಫಾರಂ 10 ಬಿ.ಡಿ. ಅನ್ನು ತೆರಿಗೆ ಇಲಾಖೆಗೆ ಸಲ್ಲಿಸುವುದು ಬಂತಲ್ಲ, ತಡವಾದರೆ ದಿನಕ್ಕೆ 200 ರೂ. ದಂಡ ಬೇರೆ. ಪ್ಯಾನೋ ಆಧಾರೋ, ಅವಿಲ್ಲದಿದ್ದರೆ ಬೇರೊಂದು ಗುರುತಿನ ಸಂಖ್ಯೆಯೋ ಪ್ರತಿಯೊಬ್ಬರದೂ ಬೇಕು. ಆಲೆಮನೆಯಿಂದ ನೇರ ಬಂದ ಒಬ್ಬರು 5,000 ನಗದು ಮೇಜಿನ ಮೇಲಿಟ್ಟರು. 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ತೆರಿಗೆ ರಿಯಾಯಿತಿ ಸಿಗಲ್ಲ ಅಂತ ನಾನು ವಿವರಿಸಿದರೆ, "ನಾನ್ಯಾವ ಟ್ಯಾಕ್ಸ್ ಕಟ್ಟೋನು ಬುಡವ್ವ, ರಸೀತಿ ಕೊಡು" ಅಂದರು.

ಎಡಿಟ್ ಲಾಗ್, ಅಂದರೆ ತಿದ್ದುಪಡಿಗಳ ದಾಖಲೆ, ಇರುವ ಪ್ರೈಮ್ ಹಾಕಿಸಿಕೊಳ್ಳಿ. 2023ರ ಏಪ್ರಿಲ್‌ನಿಂದ ಅಂಥ ದಾಖಲೆ ಕಡ್ಡಾಯವಾದದ್ದು ನಿಜವಾದ ಕಂಪನಿಗಳಿಗೆ, ಟ್ರಸ್ಟುಗಳಿಗಲ್ಲ. ಆದರೂ ಯಾರು ಯಾವಾಗ ಎಂಟ್ರಿ ತಿದ್ದಿದರು ಅನ್ನೋದು ಉಳಿಯುತ್ತದೆ. ಮೈಸೂರಿನಿಂದ ಬರುವ ನಮ್ಮ ಆಡಿಟರ್ ಈಗ ಮೊದಲು ನೋಡುವುದೇ ಅದನ್ನು.

ಲೈಸೆನ್ಸ್ ಒಮ್ಮೆ ಕೊಂಡರೆ ಆಯಿತು. ಟಿಎಸ್‌ಎಸ್ ಅನ್ನೋ ವಾರ್ಷಿಕ ಸೇವಾ ಶುಲ್ಕ ಕಟ್ಟದಿದ್ದರೂ ಲೆಕ್ಕ ಬರೆಯಬಹುದು, ಹೊಸ ಆವೃತ್ತಿಯಂಥವು ಸಿಗಲ್ಲ. ಆ ಶುಲ್ಕವನ್ನು ಯಾವ ದಾನಿಯ ತಲೆಗೆ ಹಾಕುವುದು ಅಂತ ನಮ್ಮಲ್ಲಿ ಪ್ರತಿವರ್ಷ ಚರ್ಚೆ.

ಕೆಂಪು ರಟ್ಟಿನ ಪುಸ್ತಕ ಬಿಟ್ಟಿಲ್ಲ. ಒಂದು ಮಾರ್ಚಿನಲ್ಲಿ ಹಾರ್ಡ್‌ಡಿಸ್ಕ್ ಹೋಯಿತು. ಪೆನ್‌ಡ್ರೈವಿನ ಬ್ಯಾಕಪ್ ಹನ್ನೊಂದು ದಿನ ಹಳೆಯದು, ತಪ್ಪು ನನ್ನದೇ. ಆ ಹನ್ನೊಂದು ದಿನ ಪುಸ್ತಕದಲ್ಲಿತ್ತು.